ಅಡಿಗಿಷ್ಟು ಎಂದು ಲೇತಿಗೆ ದರ ಕಟ್ಟಬಹುದೇ?



ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಬರುವ ‘ಮಾರಾಟಕ್ಕಿದೆ – ಬೇಕಾಗಿದೆ’ ಅಂಕಣವನ್ನು ತಾವು ಗಮನಿಸುತ್ತಿರಬಹುದು. ಮೊದಲೆಲ್ಲ ಅಲ್ಲಿ ಕಾಫಿ ಸಸಿ, ಮೆಣಸಿನ ಬಳ್ಳಿ, ಕರು ಹಾಕಿದ ಹಸು, ಹಳೆಯ ಜೀಪು ಇಷ್ಟೇ ಇರುತ್ತಿದ್ದವು. 2024–25ರಲ್ಲಿ ಕಾಫಿಗೆ ಹಿಂದೆ ಕಾಣದಂಥ ದರ ಬಂದ ಮೇಲೆ ಲೇತು, ಡ್ರಿಲ್ಲಿಂಗ್ ಮಿಷನ್ನು, ಬೆಂಚ್ ಗ್ರೈಂಡರುಗಳೂ ಆ ಪುಟಕ್ಕೆ ಬರತೊಡಗಿವೆ. ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಒಬ್ಬರು ಕಾರು ಬದಲಿಸುತ್ತಾರೆ. ಇನ್ನೊಬ್ಬರು ಬಹುಕಾಲದ ಆಸೆಯಂತೆ ಶೆಡ್ಡಿನ ಮೂಲೆಯಲ್ಲಿ ಸಣ್ಣದೊಂದು ವರ್ಕ್‌ಶಾಪು ಮಾಡಿಕೊಳ್ಳುತ್ತಾರೆ. ಎರಡನೆಯವರ ಬಗ್ಗೆ ನನಗೆ ಪಕ್ಷಪಾತವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಲ್ಪರಿನ ಬುಷ್ ಒಂದು ಸವೆದರೆ ಕುಯಿಲಿನ ನಡುವೆ ಆಳುಗಳನ್ನು ಕೂರಿಸಿ ಪೇಟೆಗೆ ಓಡುವ ಕಷ್ಟವನ್ನು ಬಲ್ಲವರಿಗೆ ಈ ಪಕ್ಷಪಾತ ಅರ್ಥವಾದೀತು.

ಆದರೆ ಯಂತ್ರಗಳ ಹಿಂದೆಯೇ ತಕರಾರುಗಳೂ ಬಂದಿವೆ. ಹೋದ ವರ್ಷದಲ್ಲಿ ಎರಡು ವ್ಯಾಜ್ಯಗಳು ನನ್ನ ಮೇಜಿನವರೆಗೆ ಬಂದವು. ಎರಡರಲ್ಲೂ ಕೊಟ್ಟವರು, ಕೊಂಡವರು ಇಬ್ಬರೂ ನಮ್ಮ ಸದಸ್ಯರೇ. “ಮೋಸ ಮಾಡಿದರು” ಎಂದು ಒಬ್ಬರು, “ಕಣ್ಣಿಟ್ಟು ನೋಡಿಯೇ ಒಯ್ದದ್ದಲ್ಲವೇ” ಎಂದು ಇನ್ನೊಬ್ಬರು. ಇದಕ್ಕೊಂದು ಪರಿಹಾರವೆಂದು ನಮ್ಮ ನಿರ್ದೇಶಕ ಮಿತ್ರರೊಬ್ಬರು ಕಳೆದ ಸಭೆಯಲ್ಲಿ ಸಲಹೆಯೊಂದನ್ನು ಮುಂದಿಟ್ಟರು. ನಾಲ್ಕೂವರೆ ಅಡಿ ಲೇತಿಗೆ ಇಷ್ಟು, ಆರಡಿಯದಕ್ಕೆ ಇಷ್ಟು, ಎಂಟಡಿಗೆ ಇಷ್ಟು ಎಂದು ಸಂಘವೇ ದರಪಟ್ಟಿ ಪ್ರಕಟಿಸಲಿ ಎಂದು ಅವರ ಅಭಿಪ್ರಾಯ. ಮತ್ತೊಬ್ಬರು, ಅಡಿಗಿಂತ ಕಿಲೋ ಲೆಕ್ಕವೇ ವಾಸಿ, ತೂಕ ಸುಳ್ಳು ಹೇಳುವುದಿಲ್ಲ ಎಂದರು. ಇಬ್ಬರ ಸದುದ್ದೇಶದಲ್ಲಿ ನನಗೆ ಸಂಶಯವಿಲ್ಲ. ಆದರೂ ಈ ಪಟ್ಟಿ ಬರಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣಗಳನ್ನು ಸಭೆಯಲ್ಲಿ ಪೂರ್ತಿಯಾಗಿ ಹೇಳಲು ಸಮಯ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾವು ಚೆರಿ ಕಾಫಿ ಮಾರುವಾಗ ಏನು ಮಾಡುತ್ತೇವೆ? ಮೂಟೆಗೆ ಇಷ್ಟು ಎಂದು ಕಣ್ಣುಮುಚ್ಚಿ ಹೇಳುವುದುಂಟೇ? ಔಟ್‌ಟರ್ನ್ ತೆಗೆಯುತ್ತೇವೆ. 50 ಕಿಲೋ ಚೀಲದಲ್ಲಿ 28 ಕಿಲೋ ಬೀಜ ಬಂದರೆ ಒಂದು ದರ, 25 ಬಂದರೆ ಇನ್ನೊಂದು. ತೇವ ನೋಡುತ್ತೇವೆ, ಕಪ್ಪು ಬೀಜ ಆರಿಸುತ್ತೇವೆ. ಹೊರಗಿನಿಂದ ನೋಡಿದರೆ ಎರಡು ಮೂಟೆಗಳೂ ಒಂದೇ. ಅಡಿಕೆಯಲ್ಲಿಯೂ ಅಷ್ಟೆ, ಸರಕಿಗೂ ಗೊರಬಲಿಗೂ ಒಂದೇ ದರ ಎಂದರೆ ಮಂಡಿಯಲ್ಲಿ ಗಲಾಟೆಯೇ ಆದೀತು. ನಮ್ಮ ಸ್ವಂತ ಬೆಳೆಗೆ ಇಷ್ಟು ಸೂಕ್ಷ್ಮವಾಗಿ ದರ ಕಟ್ಟುವ ನಾವು ಲೇತಿನ ಮುಂದೆ ನಿಂತ ಕೂಡಲೇ ಟೇಪು ಹಿಡಿದು ಅಡಿ ಅಳೆಯುತ್ತೇವೆಂದರೆ ಏನೆನ್ನಬೇಕು! ಅಡಿ ಎಂಬುದು ಬೆಡ್ಡಿನ ಉದ್ದ ಮಾತ್ರ. ಅದರಲ್ಲಿ ಎಷ್ಟು ಕೆಲಸ ಇನ್ನೂ ಉಳಿದಿದೆ ಎಂಬುದೇ ಯಂತ್ರದ ಔಟ್‌ಟರ್ನ್, ದರವೂ ಅದಕ್ಕೇ.

ಒಂದೇ ಯಂತ್ರ ಮೂವರ ಕಣ್ಣಿಗೆ ಮೂರು ರೀತಿ ಕಾಣುತ್ತದೆ. ಗುಜರಿಯವನಿಗೆ ಅದು ಎರಕದ ಕಬ್ಬಿಣ. ಪೇಟೆಯ ವರ್ಕ್‌ಶಾಪಿನವರಿಗೆ ದಿನಕ್ಕೆ ಎಂಟು ಗಂಟೆ ದುಡಿದು ಬಾಡಿಗೆ, ಕೂಲಿ, ಕರೆಂಟು ಬಿಲ್ಲು ಹುಟ್ಟಿಸಬೇಕಾದ ಎತ್ತು. ಮೂರನೆಯವರು ನಮ್ಮಂಥವರು. ವಾರಕ್ಕೆ ನಾಲ್ಕು ಗಂಟೆ ಓಡಿಸಿದರೆ ಹೆಚ್ಚು, ನಿಧಾನವಾದರೆ ಅವಸರವಿಲ್ಲ, ಆದರೆ ಮಾಡಿದ ಬುಷ್ ಷಾಫ್ಟಿಗೆ ಸರಿಯಾಗಿ ಕೂರಬೇಕು. ಕಾರ್ಖಾನೆಯವರು ಯಂತ್ರವನ್ನು ಹೊರಹಾಕುವುದು ಅದು ಕೆಟ್ಟಿದೆ ಎಂದೇ ಅಲ್ಲ. ಕಂಪ್ಯೂಟರ್ ಹೇಳಿದಂತೆ ಓಡುವ ಸಿಎನ್‌ಸಿ ಯಂತ್ರ ಬಂದ ಮೇಲೆ ಕೈಯಲ್ಲಿ ತಿರುಗಿಸುವ ಲೇತು ಅವರ ಜಾಗ ತಿನ್ನುತ್ತದೆ. ಅವರಿಗೆ ಭಾರವಾದದ್ದು ನಮಗೆ ಇಪ್ಪತ್ತು ವರ್ಷ ಬಾಳಬಹುದು. ಹಾಗೆಯೇ ಅವರ ಕೈಯಲ್ಲಿ ಮೂರು ಪಾಳಿ ದುಡಿದು ಬೆನ್ನು ಮುರಿದದ್ದೂ ಬಣ್ಣ ಬಳಿದುಕೊಂಡು ನಮ್ಮ ಬಳಿಗೆ ಬರಬಹುದು. ಅಡಿ ಲೆಕ್ಕ ಇವೆರಡಕ್ಕೂ ಒಂದೇ ದರ ಹೇಳುತ್ತದೆ.

ಇದರಿಂದ ಆಗುವ ಅನ್ಯಾಯ ಕೊಳ್ಳುವವರಿಗೆ ಮಾತ್ರ ಎಂದು ತಿಳಿಯಬೇಡಿ. ತೀರಿಕೊಂಡ ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯಲ್ಲಿ ಹರಿಹರದ ಲೇತೊಂದಿತ್ತು. ಅವರಿಗೆ ಅದರ ಹುಚ್ಚು ಎಷ್ಟಿತ್ತೆಂದರೆ ಮಳೆಗಾಲದಲ್ಲಿ ಮನೆಯ ಕಂಬಳಿ ಹೊರಸಿನ ಮೇಲಿರುತ್ತಿರಲಿಲ್ಲ, ಲೇತಿನ ಮೇಲಿರುತ್ತಿತ್ತು. ಅವರ ಕಾಲಾನಂತರ ಮಕ್ಕಳು ಬೆಂಗಳೂರಿನಲ್ಲಿ, ಶೆಡ್ಡು ಖಾಲಿ ಮಾಡಬೇಕು. ಗುಜರಿಯವನು ಬಂದು ತೂಕದ ಲೆಕ್ಕ ಹಾಕಿ 22,000 ರೂಪಾಯಿ ಎಂದ. “ಇದೆಲ್ಲ ಹಳೇ ಕಾಲದ್ದು ಅಮ್ಮಾ, ಈಗ ಯಾರು ಮುಟ್ಟುತ್ತಾರೆ? ಎತ್ತುವ ಖರ್ಚು ನನ್ನದೇ” ಎಂದು ಉಪಕಾರ ಮಾಡುವವನಂತೆ ನುಡಿದನಂತೆ. ಆ ತಾಯಿ ನನಗೆ ಫೋನು ಮಾಡಿ, “ಏನಪ್ಪಾ, ಕೊಟ್ಟುಬಿಡಲಾ? ಅವರಿದ್ದಿದ್ದರೆ ಬಯ್ಯುತ್ತಿದ್ದರೇನೋ ಎಂದು ಮನಸ್ಸು ಹೇಳುತ್ತದೆ” ಎಂದರು. ಪೇಟೆಯ ಟರ್ನರ್ ಒಬ್ಬರನ್ನು ಕರೆದುಕೊಂಡು ಹೋಗಿ ನೋಡಿದೆ. ಬೆಡ್ಡಿನಲ್ಲಿ ಹೇಳಿಕೊಳ್ಳುವಂಥ ಸವೆತವಿರಲಿಲ್ಲ. ಗೋಣಿಚೀಲವೊಂದರಲ್ಲಿ ಗೇರುಗಳು, ನಾಲ್ಕು ದವಡೆಯ ಚಕ್ಕು, ಫೇಸ್‌ಪ್ಲೇಟು ಎಲ್ಲ ಎಣ್ಣೆ ಕಾಗದ ಸುತ್ತಿ ಇಟ್ಟಿದ್ದವು. ಆ ಚೀಲವನ್ನು ಗುಜರಿಯವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ! ಕೊನೆಗೆ ನಮ್ಮ ಯುವ ಸದಸ್ಯರೊಬ್ಬರು 62,000 ಕೊಟ್ಟು ಒಯ್ದರು. ಕೊಂಡವರಿಗೂ ಅದು ಲಾಭದ ವ್ಯಾಪಾರವೇ ಆಯಿತು. ಕಿಲೋ ಲೆಕ್ಕದ ಪಟ್ಟಿಯನ್ನು ಸಂಘವೇ ಹೊರಡಿಸಿದ್ದರೆ ಆ 22,000ಕ್ಕೆ ನಮ್ಮ ಮೊಹರೇ ಬಿದ್ದಿರುತ್ತಿತ್ತು.

ಇನ್ನೊಂದು ಪ್ರಕರಣ ಇದಕ್ಕೆ ತಿರುವುಮುರುವು. ಸದಸ್ಯರೊಬ್ಬರು ನಗರದಿಂದ ತಂದ ಆರಡಿ ಲೇತು ಗಿಳಿಹಸಿರು ಬಣ್ಣದಲ್ಲಿ ಮದುಮಗನಂತೆ ಮಿಂಚುತ್ತಿತ್ತು. ಕೊಟ್ಟದ್ದು 1,10,000. “ಅಡಿಗೆ ಹದಿನೆಂಟು ಸಾವಿರ ಚಿಲ್ಲರೆ ಬಿತ್ತು, ಪರವಾಗಿಲ್ಲ ಮಾರಾಯ್ರೆ” ಎಂದು ಅವರಿಗೆ ಸಮಾಧಾನ. ಚಕ್ಕಿನ ಹತ್ತಿರ ಬೆಡ್ಡಿನ ಮೇಲೆ ಉಗುರು ಓಡಿಸಿದರೆ ಮೆಟ್ಟಿಲು ಹತ್ತಿದ ಹಾಗೆ ತಡೆಯುತ್ತಿತ್ತು. ಉದ್ದದ ಷಾಫ್ಟು ಹೊರೆದರೆ ಒಂದು ತುದಿ ದಪ್ಪ, ಒಂದು ತುದಿ ತೆಳು. ಅದನ್ನು ಅವರು ವರ್ಷದೊಳಗೆ ಇನ್ನೊಬ್ಬ ಸದಸ್ಯರಿಗೆ ಅದೇ ಅಡಿ ಲೆಕ್ಕದಲ್ಲಿ ದಾಟಿಸಿದ್ದೇ ಒಂದನೆಯ ವ್ಯಾಜ್ಯದ ಮೂಲ.

ಹೆಸರಿನ ಮಾತು ಬಂತು. ನಮ್ಮ ರಾಜ್ಯದವರಿಗೆ ಈ ವಿಷಯದಲ್ಲಿ ಸ್ವಲ್ಪ ಹೆಮ್ಮೆಯೂ ಉಂಟು. ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಆರಂಭವಾದದ್ದು 1941ರಲ್ಲಿ, ಆಗ ಹರಿಹರ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಎಂಬ ಅವರ ಲೇತುಗಳು ದೇಶದ ಐಟಿಐ, ರೈಲ್ವೆ ವರ್ಕ್‌ಶಾಪುಗಳಿಗೆಲ್ಲ ಹೋದವು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಗಡಿಯಾರದಿಂದ ಮನೆಮಾತಾದ ಎಚ್‌ಎಂಟಿಯ ಮೊದಲ ಕಸುಬು ಲೇತೇ. ಅವರ ಎಚ್-22, ಎಲ್‌ಬಿ-17 ಮಾದರಿಗಳು ಇಂದಿಗೂ ಅಲ್ಲಲ್ಲಿ ದುಡಿಯುತ್ತಿವೆ. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಈ ಹೆಸರುಗಳಿಗೆ ಹೆಚ್ಚು ದರ ಕೊಡುವುದು ನ್ಯಾಯವೇ ಎಂದು ಕೇಳಿದರೆ, ಬೆಡ್ಡು ಚೆನ್ನಾಗಿದ್ದರೆ ನ್ಯಾಯ ಎನ್ನುತ್ತೇನೆ. ದಪ್ಪ ಎರಕ, ಗಟ್ಟಿ ಗೇರು, ಅದುರದೆ ಕೆಲಸ ಮಾಡುವ ಗುಣ ಇವುಗಳಲ್ಲಿ ಅವು ಇಂದಿನ ಅಗ್ಗದ ಹೊಸ ಲೇತಿಗಿಂತ ಮೇಲು. ಆದರೆ ಗೇರೊಂದು ಹಲ್ಲು ಮುರಿದರೆ ಹರಿಹರಕ್ಕೆ ಕಾಗದ ಬರೆದು ತರಿಸುವ ಕಾಲ ಹೋಯಿತು. ಬಿಚ್ಚಿದ ಇನ್ನೊಂದು ಯಂತ್ರದಿಂದ ಹುಡುಕಬೇಕು, ಇಲ್ಲವೇ ಗೇರು ಕಡಿಯುವವರಲ್ಲಿ ಹೊಸದಾಗಿ ಮಾಡಿಸಬೇಕು. ಎರಡಕ್ಕೂ ದುಡ್ಡು, ದಿನ ಎರಡೂ ಬೇಕು. ಆದ್ದರಿಂದ ಹೆಸರಿಗೆ ಕೊಡುವ ಹೆಚ್ಚುವರಿ ಹಣ ಗೇರುಪೆಟ್ಟಿಗೆ ಪೂರ್ತಿ ನೆಟ್ಟಗಿದ್ದರೆ ಮಾತ್ರ.

ಬಿಡಿಭಾಗ ದರವನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಮೈಫೋರ್ಡ್ ಲೇತು ಒಳ್ಳೆಯ ಉದಾಹರಣೆ. ಅದು ಹವ್ಯಾಸಿಗಳ ಲೇತೆಂದೇ ಹೆಸರಾದದ್ದು. ಅಲ್ಲಿ ಮನೆಯ ಹಿತ್ತಲಲ್ಲಿ ಸಣ್ಣ ಉಗಿಯಂತ್ರ ಮಾಡಿ ಸಂತೋಷಪಡುವ ಜನ ಎಷ್ಟೋ ತಲೆಮಾರುಗಳಿಂದ ಇದ್ದಾರೆ. ಅವರಿಗಾಗಿಯೇ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ 1898ರಲ್ಲೇ ಹೊರಟಿತು. ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ 1946ರಿಂದ ಎಂಎಲ್-7 ಎಂಬ ಮಾದರಿ ತಯಾರಾಯಿತು. ಆ ಕಂಪನಿ 2011ರಲ್ಲಿ ಮುಚ್ಚಿದರೂ ಹೆಸರನ್ನು ಕೊಂಡ ಇನ್ನೊಬ್ಬರು ಬಿಡಿಭಾಗ ಒದಗಿಸುತ್ತಾ ಬಂದಿದ್ದರಿಂದ, ಕೇಳುವ ಜನ ಇದ್ದುದರಿಂದ, ಹಳೆಯ ಮೈಫೋರ್ಡಿನ ಬೆಲೆ ನೆಲಕ್ಕೆ ಬೀಳಲಿಲ್ಲ. ನಮ್ಮಲ್ಲಿ ಅಂಥ ಹವ್ಯಾಸಿಗಳ ಸಂತೆ ಇಲ್ಲ. ಇಲ್ಲಿ ದರ ಹೇಳುವವರು ಗುಜರಿಯವರು ಮತ್ತು ಹಳೆ ಯಂತ್ರದ ದಲ್ಲಾಳಿಗಳು. ನಮ್ಮ ಅಂಕಣದಂಥ ಸಣ್ಣ ಜಾಗದಲ್ಲಿ ಸರಿಯಾದ ವಿವರ ಬಂದರೆ ಅದೇ ನಮಗೆ ಸಂತೆ.

ಹಾಗಾದರೆ ನೋಡಬೇಕಾದದ್ದೇನು? ನಮ್ಮ ಹಿರಿಯರು ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ಮೊದಲು ಎತ್ತಿನ ಹಲ್ಲು ನೋಡಿ, ಗೊರಸು ನೋಡಿ, ನಡೆಸಿ ನೋಡುತ್ತಿದ್ದರು. ಇಲ್ಲಿಯೂ ಅದೇ ಕ್ರಮ.

ಮೊದಲನೆಯದು ಬೆಡ್ಡು. ಸೀಮೆಎಣ್ಣೆಯೋ ಡೀಸಲ್ಲೋ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಚಕ್ಕಿನ ಪಕ್ಕದ ಒಂದೂವರೆ ಅಡಿ ಜಾಗವೇ ಎಲ್ಲ ಲೇತಿನಲ್ಲಿಯೂ ಹೆಚ್ಚು ಸವೆಯುವುದು, ಏಕೆಂದರೆ ನೂರರಲ್ಲಿ ತೊಂಬತ್ತು ಕೆಲಸ ನಡೆಯುವುದು ಅಲ್ಲೇ. ಟೈಲ್‌ಸ್ಟಾಕಿನ ಆಚೆಯ ತುದಿ ಹುಟ್ಟಿದಾಗ ಇದ್ದಂತೆಯೇ ಇರುತ್ತದೆ. ಎರಡು ಕಡೆಯೂ ಉಗುರು ಓಡಿಸಿ ಹೋಲಿಸಿ. ಆಮೇಲೆ ಉಳಿ ಹೊತ್ತು ಓಡಾಡುವ ಸ್ಯಾಡಲನ್ನು ಚಕ್ಕಿನ ಬಳಿ ತಂದು, ಅದರ ಹಿಡಿತದ ಪಟ್ಟಿಗಳನ್ನು ತುಸು ಬಿಗಿಯಾಗಿ ಚಲಿಸುವಷ್ಟು ಬಿಗಿದು, ಕೈಚಕ್ರ ತಿರುಗಿಸಿ ಆಚೆ ತುದಿಗೆ ಒಯ್ಯಿರಿ. ಒಂದೇ ಸಮನೆ ಹೋದರೆ ಸಂತೋಷ. ನಡುವೆಯೇ ಸಿಕ್ಕಿಕೊಂಡು ನಿಂತರೆ ಈ ತುದಿ ಅಷ್ಟು ಸವೆದಿದೆ ಎಂದೇ ಅರ್ಥ. ಮಾರುವವರ ಅಪ್ಪಣೆ ಪಡೆದೇ ಈ ಪರೀಕ್ಷೆ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಸವೆತವಿದ್ದ ಕೂಡಲೇ ಯಂತ್ರ ಬೇಡವೆಂದು ಎದ್ದು ಬರಬೇಕಾಗಿಲ್ಲ. ಬೆಡ್ಡು ನೇರ ಕೆಳಕ್ಕೆ ಸವೆದು ಉಳಿ 0.1 ಮಿಲಿಮೀಟರ್ ಇಳಿಯಿತು ಎನ್ನಿ, 40 ಮಿ.ಮೀ. ಸರಳಿನ ದಪ್ಪದಲ್ಲಿ ಅಳೆದು ಹೇಳುವಂಥ ವ್ಯತ್ಯಾಸವೇ ಆಗದು. ಅದೇ 0.1 ಪಕ್ಕಕ್ಕೆ ಸರಿದರೆ ದಪ್ಪದಲ್ಲಿ ಎರಡರಷ್ಟು, ಅಂದರೆ 0.2 ತಪ್ಪು ಬರುತ್ತದೆ. ಮುಂದಿನ ಇಳಿಜಾರು ಮುಖ ಸವೆದಿದೆಯೇ ಎಂದು ವಿಶೇಷವಾಗಿ ನೋಡಬೇಕಾದದ್ದು ಇದರಿಂದ. ಇನ್ನೊಂದು ಮಾತು, ತಮ್ಮ ಕೆಲಸ ಯಾವುದು? ಎರಡಂಗುಲದ ಬುಷ್, ವಾಷರು, ಬೋರ್ಡೋ ಹೊಡೆಯುವ ಪಂಪಿನ ನಟ್ಟು ಇಷ್ಟೇ ಆದರೆ ಅಷ್ಟು ಗಿಡ್ಡ ಅಂತರದಲ್ಲಿ ಸವೆತದ ಪರಿಣಾಮ ಅತ್ಯಲ್ಪ. ಪಲ್ಪರಿನ ಷಾಫ್ಟು ಹೊರೆಯುವವರಿಗೆ ಅದೇ ಯಂತ್ರ ಕೆಲಸಕ್ಕೆ ಬಾರದು. ಒಂದೇ ಲೇತಿಗೆ ಇಬ್ಬರು ಬೇರೆ ಬೇರೆ ದರ ಹೇಳಿದರೆ ಇಬ್ಬರೂ ಸರಿಯಿರಬಹುದು.

ಎರಡನೆಯದು ತಿರುಗುವ ಸ್ಪಿಂಡಲು. ಚಕ್ಕು ಬಿಚ್ಚಿಸಿ, ಒಳಗಿನ ಇಳಿಜಾರು ರಂಧ್ರಕ್ಕೆ ಡಯಲ್ ಗೇಜು ತಾಗಿಸಿ ಕೈಯಲ್ಲಿ ತಿರುಗಿಸಿ. ಮುಳ್ಳು 0.02 ಮಿ.ಮೀ.ಗಿಂತ ಹೆಚ್ಚು ಆಡದಿದ್ದರೆ ನಮ್ಮ ಕೆಲಸಕ್ಕೆ ಧಾರಾಳ. ಮರದ ತುಂಡೊಂದನ್ನು ಮೀಟುಗೋಲಾಗಿ ಕೊಟ್ಟು ಮೇಲಕ್ಕೆ ಎತ್ತಿ ನೋಡಿ, ಬೇರಿಂಗಿನ ಸಡಿಲ ಗೊತ್ತಾಗುತ್ತದೆ. ಮತ್ತೆ ಚಕ್ಕು ಹಾಕಿಸಿ ಹೆಚ್ಚಿನ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಬೆಚ್ಚಗಾದರೆ ಸಹಜ, ಕೈ ಇಡಲಾರದಷ್ಟು ಕಾದರೆ ಸಂಶಯಪಡಿ. “ಕರೆಂಟಿಲ್ಲ, ಮೋಟಾರು ಬಿಚ್ಚಿಟ್ಟಿದೆ, ಆದರೆ ಕಂಡೀಷನ್ ಫಸ್ಟ್ ಕ್ಲಾಸ್” ಎನ್ನುವವರ ಯಂತ್ರಕ್ಕೆ ಓಡದ ಯಂತ್ರದ ದರವನ್ನೇ ಹೇಳಬೇಕು. ನೀರಲ್ಲಿರುವ ಎಮ್ಮೆಗೆ ದರ ಕಟ್ಟುವ ವ್ಯಾಪಾರ ನಮಗೇಕೆ?

ಕೊನೆಗೆ ಕೆಲಸ ಮಾಡಿಸಿ ನೋಡಿ. ಒಂದಂಗುಲಕ್ಕಿಂತ ದಪ್ಪದ ಸರಳನ್ನು ನಾಲ್ಕೈದು ಅಂಗುಲ ಹೊರಗಿಟ್ಟು, ಟೈಲ್‌ಸ್ಟಾಕಿನ ಆಸರೆ ಕೊಡದೆ, ತೆಳುವಾಗಿ ಹೊರೆದು ಎರಡು ತುದಿಯಲ್ಲಿ ಮೈಕ್ರೋಮೀಟರ್ ಹಿಡಿಯಿರಿ. ದಪ್ಪದಲ್ಲಿ ತೀರ ವ್ಯತ್ಯಾಸ ಕಂಡರೂ ಅವಸರದ ತೀರ್ಮಾನ ಬೇಡ. ಮಣ್ಣುನೆಲದ ಶೆಡ್ಡಿನಲ್ಲಿ ಮಟ್ಟಸವಾಗಿ ಕೂರದ ಲೇತಿನ ಬೆಡ್ಡು ತುಸು ತಿರುಚಿಕೊಂಡು ಇದೇ ದೋಷ ತೋರಿಸುತ್ತದೆ. ಮಟ್ಟಗೋಲಿಟ್ಟು ಕಾಲುಗಳನ್ನು ಸರಿಮಾಡಿ ಮತ್ತೊಮ್ಮೆ ಹೊರೆದು ನೋಡಿದರೆ ಇದು ರೋಗವೋ ಆಯಾಸವೋ ಗೊತ್ತಾಗುತ್ತದೆ.

ಕ್ರಾಸ್‌ಸ್ಲೈಡಿನ ಹಿಡಿ ಅರ್ಧ ಸುತ್ತು ಖಾಲಿ ತಿರುಗುವುದನ್ನು ದೊಡ್ಡ ದೋಷವೆಂದು ತೋರಿಸಿ ದರ ಇಳಿಸುವವರಿದ್ದಾರೆ. ಅದು ಹೆಚ್ಚಾಗಿ ಒಳಗಿನ ಗನ್‌ಮೆಟಲ್ ನಟ್ಟಿನ ಸವೆತ, ಸಣ್ಣ ಖರ್ಚಿನಲ್ಲಿ ಬದಲಾಗುತ್ತದೆ. ಇದಕ್ಕೆ ಹತ್ತಿಪ್ಪತ್ತು ಸಾವಿರ ಕಡಿಯುವುದು ನ್ಯಾಯವಲ್ಲ. ಥ್ರೆಡ್ಡು ಕೊರೆಯಲು ಬೇಕಾದ ಗೇರುಗಳ ಸೆಟ್ಟು ಕಳೆದುಹೋಗಿರುವುದು ಇದಕ್ಕಿಂತ ಎಷ್ಟೋ ಪಾಲು ಗಂಭೀರ, ಆದರೆ ಅದನ್ನು ಯಾರೂ ಕೇಳುವುದೇ ಇಲ್ಲ! ನಮ್ಮ ತೋಟಗಳಲ್ಲಿರುವ ಹಳೆಯ ಇಂಗ್ಲಿಷ್ ಪಲ್ಪರುಗಳಲ್ಲಿ ವಿಟ್‌ವರ್ತ್ ಥ್ರೆಡ್ಡು, ಅಂದರೆ 55 ಡಿಗ್ರಿ ಕೋನ, ಅಂಗುಲದ ಲೆಕ್ಕ. ಇಂದಿನ ಯಂತ್ರಗಳಲ್ಲಿ 60 ಡಿಗ್ರಿ, ಮಿಲಿಮೀಟರ್ ಲೆಕ್ಕ. ಹಳೆಯ ಲೇತಿನ ಲೀಡ್ ಸ್ಕ್ರೂ ಅಂಗುಲದ್ದಾಗಿದ್ದರೆ ಮಿಲಿಮೀಟರ್ ಥ್ರೆಡ್ಡನ್ನು ನಿಖರವಾಗಿ ಕೊರೆಯಲು 127 ಹಲ್ಲಿನ ಗೇರು ಬೇಕು, ಏಕೆಂದರೆ ಒಂದು ಅಂಗುಲವೆಂದರೆ 25.4 ಮಿ.ಮೀ., ಅದರ ಐದರಷ್ಟು 127. ಗೋಣಿಚೀಲದಲ್ಲಿ ಆ ಒಂದು ಗೇರು ಇದೆಯೇ ಎಂದು ಹಲ್ಲು ಎಣಿಸಿ ನೋಡಿ.

ಈಗ ಲೆಕ್ಕಕ್ಕೆ ಬರೋಣ. ಮುಂದಿನ ಅಂಕಿಗಳನ್ನು ವಿಧಾನ ತೋರಿಸಲಿಕ್ಕೆಂದು ಹಿಡಿದುಕೊಂಡಿದ್ದೇನೆ. ತಾವು ವಿಚಾರಿಸಿದ ದಿನದ ದರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. ಯಂತ್ರ 600 ಕಿಲೋ, ಗುಜರಿ ದರ ಕಿಲೋಗೆ 30 ರೂಪಾಯಿ ಎಂದಾದರೆ 18,000. ಇದು ತಳ. ಓಡುವ ಮೋಟಾರು, ಒಳ್ಳೆಯ ಚಕ್ಕು ಬೇರೆಯಾಗಿಯೇ ಮಾರಾಟವಾಗುವುದರಿಂದ ಎಂಥ ಯಂತ್ರವೂ ಇದಕ್ಕಿಂತ ಕೆಳಗೆ ಇಳಿಯಬಾರದು. ಇದೇ ಅಳತೆಯ ಸಾಧಾರಣ ಹೊಸ ಲೇತಿಗೆ ಎಲ್ಲ ಪರಿಕರ ಸೇರಿ 1,80,000 ಎಂದು ಕೊಟೇಶನ್ ಬಂತು ಎನ್ನೋಣ. ಇದು ಮಾಳಿಗೆ. ಬೆಡ್ಡು, ಸ್ಪಿಂಡಲು ಎರಡೂ ಸರಿಯಿರುವ ಹಳೆಯ ಯಂತ್ರಕ್ಕೆ ನಾನು ಅದರ ಅರ್ಧದಿಂದ, ಅಂದರೆ 90,000ದಿಂದ ಮಾತು ಆರಂಭಿಸುತ್ತೇನೆ. ನಾಲ್ಕು ದವಡೆಯ ಚಕ್ಕಿಲ್ಲ, 10,000 ಕಳೆಯಿರಿ. ಗೇರು ಸೆಟ್ಟಿಲ್ಲ, 8,000. ಮೂರು ಫೇಸಿನ ಮೋಟಾರಿಗೆ ವಿಎಫ್‌ಡಿ ಬೇಕು, 9,000. ನಟ್ಟು ಬದಲಿಗೆ 2,000. ಉಳಿದದ್ದು 61,000. ಸಾಗಣೆ 12,000 ಆಗುವುದಾದರೆ ಅರ್ಧ ಕೊಟ್ಟವರ ಲೆಕ್ಕಕ್ಕೆ, ಅರ್ಧ ಕೊಂಡವರ ಲೆಕ್ಕಕ್ಕೆ ಹಾಕಿದರೆ 55,000. ಬೆಡ್ಡು ಸವೆದಿದ್ದರೆ ಗ್ರೈಂಡಿಂಗ್ ಖರ್ಚು, ಎರಡು ಸಲದ ಲಾರಿ ಬಾಡಿಗೆ ಎರಡನ್ನೂ ಕೂಡಿ. ಅದು ಇಷ್ಟನ್ನೂ ನುಂಗಿ ಯಂತ್ರವನ್ನು ತಳದ ಹತ್ತಿರಕ್ಕೆ ಒಯ್ಯುವುದುಂಟು. ಹೆಸರಾಂತ ತಯಾರಿಕೆಯ, ನೆಟ್ಟಗಿರುವ ಯಂತ್ರಕ್ಕೆ ಅರ್ಧದ ಬದಲು ಮುಕ್ಕಾಲಿನಿಂದ ಆರಂಭಿಸಿದರೂ ನನ್ನ ಆಕ್ಷೇಪಣೆಯಿಲ್ಲ.

ಈ ಲೆಕ್ಕದಲ್ಲಿ ವಯಸ್ಸು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. 1970ರ ಯಂತ್ರ ಕಂಬಳಿ ಹೊದ್ದು ಬೆಚ್ಚಗಿದ್ದರೆ 2005ರ ಯಂತ್ರಕ್ಕಿಂತ ಚಿಕ್ಕದೇ. ನಮ್ಮ ಮಳೆಗಾಲದ ತುಕ್ಕು ಮಾತ್ರ ಬೇರೆಯೇ ಸಂಗತಿ. ಮೇಲುಮೇಲಿನ ಕೆಂಪು ತುಕ್ಕು ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ, ಗುಳಿ ಬಿದ್ದ ತುಕ್ಕು ಹೋಗುವುದಿಲ್ಲ.

ವಿದ್ಯುತ್ತಿನ ಬಗ್ಗೆ ಇನ್ನಷ್ಟು ಹೇಳಬೇಕು. ಕಾರ್ಖಾನೆಯಿಂದ ಬರುವ ಯಂತ್ರಗಳೆಲ್ಲ ಸಾಮಾನ್ಯವಾಗಿ ಮೂರು ಫೇಸಿನವು, ನಮ್ಮ ಮನೆಗಳಿಗೆ ಬರುವುದು ಒಂದು ಫೇಸು. ಎರಡು ಅಶ್ವಶಕ್ತಿಯ ಒಳಗಿನ ಮೋಟಾರಿಗೆ ವಿಎಫ್‌ಡಿ ಎಂಬ ಪೆಟ್ಟಿಗೆ ಹಾಕಿ ಒಂದು ಫೇಸಿನಿಂದಲೇ ಓಡಿಸಬಹುದು, ವೇಗವನ್ನೂ ಬೇಕಾದಂತೆ ಏರಿಸಿ ಇಳಿಸಬಹುದು. ಆದರೆ ಆ ಮೋಟಾರನ್ನು 230 ವೋಲ್ಟಿಗೆ ಡೆಲ್ಟಾ ಜೋಡಣೆ ಮಾಡಲು ಬರುತ್ತದೆಯೇ ಎಂದು ಅದರ ಫಲಕ ಓದಿ ನೋಡಬೇಕು. ಬಾರದಿದ್ದರೆ ಮೋಟಾರನ್ನೇ ಬದಲಿಸುವ ಖರ್ಚನ್ನು ದರದಲ್ಲಿ ಕಳೆಯತಕ್ಕದ್ದು. ಪಂಪ್‌ಸೆಟ್ಟಿನ ತಂತಿಯಿಂದ ಲೇತು ಓಡಿಸುತ್ತೇನೆ ಎನ್ನುವವರಿಗೆ, ಆ ಸಂಪರ್ಕ ನೀರೆತ್ತಲು ಕೊಟ್ಟದ್ದು ಎಂಬುದನ್ನು ಕಾರ್ಯದರ್ಶಿಯಾಗಿ ಜ್ಞಾಪಿಸುವುದು ನನ್ನ ಕರ್ತವ್ಯ.

ಬೇರೆ ಯಂತ್ರಗಳ ಬಗ್ಗೆ ಎರಡೇ ಮಾತು. ಕಂಬದ ಡ್ರಿಲ್ಲಿಂಗ್ ಮಿಷನ್ನಿನಲ್ಲಿ ಸ್ಪಿಂಡಲನ್ನು ಪೂರ್ತಿ ಕೆಳಗಿಳಿಸಿ ಅಲ್ಲಾಡಿಸಿ ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಮಿಲ್ಲಿಂಗ್ ಮಿಷನ್ನು ಟನ್ನುಗಟ್ಟಲೆ ತೂಗುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡು ತೋಟದ ಇಳಿಜಾರು ರಸ್ತೆಯಲ್ಲಿ ಇಳಿಸಲಾರದೆ ಗೇಟಿನ ಬಳಿಯೇ ಟಾರ್ಪಾಲು ಹೊದೆಸಿಟ್ಟವರನ್ನು ಕಂಡಿದ್ದೇನೆ. ಶೇಪಿಂಗ್ ಮಿಷನ್ನನ್ನು ಈಗ ಕಾರ್ಖಾನೆಯವರು ಕೇಳುವುದಿಲ್ಲವಾದ್ದರಿಂದ ಅದು ಗುಜರಿ ದರದ ಆಸುಪಾಸಿನಲ್ಲೇ ಸಿಗುತ್ತದೆ. ಕೈಯಲ್ಲಿ ಅರೆದುಕೊಂಡ ಒಂದೇ ಉಳಿಯಿಂದ ಚಪ್ಪಟೆ ಮುಖ, ಕೀ ಕೂರುವ ಗಾಡಿ ಎಲ್ಲ ಮಾಡಿಕೊಡುವ ಯಂತ್ರ ಅದು. ಜಾಗವಿರುವ ಹವ್ಯಾಸಿಗಳಿಗೆ ಇಂದು ಇದಕ್ಕಿಂತ ಲಾಭದ ಖರೀದಿ ಇಲ್ಲವೆಂದೇ ನನ್ನ ಎಣಿಕೆ. ಮೇಜಿನ ಮೇಲೆ ಕೂರುವ, 40 ಕಿಲೋ ಆಸುಪಾಸಿನ ಚೀನೀ ಪುಟ್ಟ ಲೇತುಗಳನ್ನು ಕೆಲವರು ಹೊಸದಾಗಿ ತರಿಸಿದ್ದಾರೆ. ಅವು ಗಡಿಯಾರದ ಭಾಗಕ್ಕೆ ಸರಿ, ಪಲ್ಪರಿನ ಕೆಲಸಕ್ಕೆ ಸಾಲವು.

ಮೊಬೈಲಿನಲ್ಲಿ ಫೋಟೋ ನೋಡಿ ಮುಂಗಡ ಕಳಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಸವೆತ ಕಾಣುವುದಿಲ್ಲ.

ಇಷ್ಟೆಲ್ಲ ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ, ಸಾಮಾನ್ಯ ಸದಸ್ಯರಿಗೆ ಪಟ್ಟಿಯೇ ಅನುಕೂಲವಲ್ಲವೇ ಎಂದು ನಿರ್ದೇಶಕ ಮಿತ್ರರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಪೇಟೆಯ ಟರ್ನರ್ ಒಬ್ಬರಿಗೆ ಅರ್ಧ ದಿನದ ಸಂಬಳ, ಬಸ್ ಚಾರ್ಜು, ಒಂದು ಊಟ ಕೊಟ್ಟು ಕರೆದೊಯ್ದರೆ ಈ ತಿಳಿವಳಿಕೆ ಬಾಡಿಗೆಗೆ ಸಿಗುತ್ತದೆ ಎಂಬುದು ನನ್ನ ಉತ್ತರ. 60,000ದ ವ್ಯವಹಾರದಲ್ಲಿ ಅದು ಖರ್ಚೇ ಅಲ್ಲ. ಯಂತ್ರ ಮಾರುವವರೇ ಅವರನ್ನು ಕರೆಸಿ ನೋಡಿಸಿದರೆ ಇನ್ನೂ ಉತ್ತಮ.

ಸಂಘವು ದರಪಟ್ಟಿಯ ಬದಲು ವಿವರಪಟ್ಟಿ ಕೇಳಲಿ ಎಂದು ಮುಂದಿನ ಸಭೆಗೆ ನಾನು ಬರೆದುಕೊಟ್ಟಿದ್ದೇನೆ. ಅಂಕಣದಲ್ಲಿ ಯಂತ್ರ ಪ್ರಕಟಿಸುವವರು ತಯಾರಕರ ಹೆಸರು, ಬೆಡ್ಡಿನ ಉದ್ದ, ಚಕ್ಕಿನ ಬಳಿ ಸವೆತ ಉಂಟೋ ಇಲ್ಲವೋ, ಮೋಟಾರಿನ ಫಲಕದಲ್ಲಿ ಬರೆದದ್ದು, ಜೊತೆಗಿರುವ ಗೇರು ಮತ್ತು ಚಕ್ಕುಗಳ ಎಣಿಕೆ, ಯಂತ್ರವನ್ನು ಓಡಿಸಿ ತೋರಿಸುತ್ತಾರೋ ಇಲ್ಲವೋ ಎಂಬುದನ್ನು ಸಹಿ ಮಾಡಿ ಕೊಡಬೇಕು. ದರ ಅವರವರಿಗೆ ಬಿಟ್ಟದ್ದು. ಒಪ್ಪುವವರು, ಒಪ್ಪದವರು ಇಬ್ಬರೂ ಸಭೆಗೆ ಬಂದು ಮಾತಾಡಬೇಕೆಂದು ವಿನಂತಿ. ಕಚೇರಿಯ ಬೀರುವಿನಲ್ಲಿ ಆಯಸ್ಕಾಂತದ ಸ್ಟ್ಯಾಂಡಿನ ಸಮೇತ ಡಯಲ್ ಗೇಜೊಂದನ್ನು, ಒಂದು ಮೈಕ್ರೋಮೀಟರನ್ನು ತಂದಿರಿಸಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು. ಮೂರು ದಿನದೊಳಗೆ ಒರೆಸಿ, ಎಣ್ಣೆ ಸವರಿ, ಅದರ ಪೆಟ್ಟಿಗೆಯಲ್ಲೇ ಇಟ್ಟು ತಂದೊಪ್ಪಿಸತಕ್ಕದ್ದು.

— ಕಾರ್ಯದರ್ಶಿ